ಹೆಲಿಕಾಪ್ಟರಿನ ಮುಂದಿನ ಗಾಜು

"ಮೂವತ್ತೆಂಟು," ಅಂದ ಗೂಡುಸಾಬಜ್ಜ. ಉಗುರಿನಷ್ಟು ಚಿಕ್ಕದಾದ ಬೂದು ಬಣ್ಣದ ಚಕ್ರವೊಂದನ್ನು ಬೆರಳ ತುದಿಯಲ್ಲಿ ಸವರಿದ. ಮತ್ತೆ ಸವರಿದ. ಆಮೇಲೆ ತಲೆ ಅಲ್ಲಾಡಿಸಿ, "ಇಲ್ಲ, ಎಲ್ಲೋ ತಪ್ಪಿತು. ಮೊದಲಿಂದ ಎಣಸೂಣು," ಅಂದ.

ಸಮ್ರೀನ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಇದು ನಾಲ್ಕನೆಯ ಸಲ.

"ಅಜ್ಜಾ, ಸೋಮವಾರ ಎಕ್ಸಿಬಿಷನ್ ಐತಿ. ಇವತ್ತ ಶುಕ್ರವಾರ. ನೀ ಇನ್ನೂ ಎಣಸಾಕತ್ತಿ."

"ಎಣಸದ ಅಂಟಿಸಿದ್ರ ಕಡೀಕ ಒಂದು ಕಡಿಮಿ ಬೀಳತೈತಿ," ಅಂದು ಅಜ್ಜ ಎಲ್ಲ ತುಂಡುಗಳನ್ನೂ ಮತ್ತೆ ಎಡಗಡೆಗೆ ಸರಿಸಿದ. ಬಲಗಡೆಯಿಂದ ಎಡಗಡೆಗೆ, ಎಡಗಡೆಯಿಂದ ಬಲಗಡೆಗೆ. ನಿನ್ನೆಯಿಂದ ಇದೇ ನಡೆದಿತ್ತು.

ಹೆಲಿಕಾಪ್ಟರಿನ ಡಬ್ಬಿ ಬಂದದ್ದು ಬುಧವಾರ ಸಂಜೆ. ಸಮ್ರೀನಳ ಅಬ್ಬಾ ಆರಿಫ ಗೋವಾದ ಮಡ್ಕಯಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿನ ಸೂಪರ್‌ವೈಸರ್ ಮನೆ ಬದಲಿಸುವಾಗ ಕಪಾಟಿನ ಮೇಲೆ ಆ ಡಬ್ಬಿ ಸಿಕ್ಕಿತ್ತಂತೆ. ಅವರ ಮಗ ಚಿಕ್ಕವನಿದ್ದಾಗ ತಂದದ್ದು, ಬಿಚ್ಚಿಯೇ ಇರಲಿಲ್ಲ. ಈಗ ಆ ಮಗನಿಗೆ ಮೀಸೆ ಬಂದಿದೆ. ನಿನ್ನ ಮಗಳಿಗೆ ಕೊಡು ಎಂದು ಅಬ್ಬಾನ ಕೈಗೆ ಕೊಟ್ಟರು.

ಡಬ್ಬಿಯ ಮೇಲೆ ಚಂದದ ಚಿತ್ರವಿತ್ತು. ಕೆಳಗೆ ಸಮುದ್ರ, ಮೇಲೆ ಬಿಳಿ ಹೆಲಿಕಾಪ್ಟರ್, ಅದರಿಂದ ಇಳಿಬಿಟ್ಟ ಹಗ್ಗ, ಹಗ್ಗದ ತುದಿಯಲ್ಲಿ ಅಲೆಗಳಿಂದ ಪಾರಾಗುತ್ತಿರುವ ಮನುಷ್ಯ. ಇಂಥವು ಸಮ್ರೀನಳ ಮನೆಯಿದ್ದ ಮೋತಿ ಡೊಂಗರ್ ಗುಡ್ಡದ ಮೇಲೆ ಎಷ್ಟೋ ಸಲ ಹಾದುಹೋಗುತ್ತಿದ್ದವು. ಆಗೆಲ್ಲ ಸಮ್ರೀನ ಮೆಟ್ಟಿಲ ಮೇಲೆ ನಿಂತು ಕೈ ಬೀಸುತ್ತಿದ್ದಳು. ಡಬ್ಬಿಯ ಮೂಲೆಯಲ್ಲಿ ೧:೭೨ ಎಂದು ಬರೆದಿತ್ತು. ಹಾಗೆಂದರೆ ಇಂಥ ಎಪ್ಪತ್ತೆರಡು ಹೆಲಿಕಾಪ್ಟರನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಒಂದು ಖರೇ ಹೆಲಿಕಾಪ್ಟರಿನಷ್ಟು ಉದ್ದ ಆಗುತ್ತದೆ ಎಂದು ಅಜ್ಜನೇ ಹೇಳಿದ.

ಅಜ್ಜನಿಗೆ ಅದು ಗೊತ್ತಿದ್ದದ್ದೇ ಮನೆಯವರಿಗೆ ಸೋಜಿಗ. ಅಮ್ಮಿ ಲಟ್ಟಣಿಗೆ ನಿಲ್ಲಿಸಿ ಕೇಳಿಸಿಕೊಂಡಳು. ಬೆಳಗಾವಿಯ ಹೈಸ್ಕೂಲಿನಲ್ಲಿ ಅಜ್ಜ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದನಂತೆ. ಅಲ್ಲಿ ವಿಮಾನದ ಮಾಡೆಲ್ ಮಾಡುವುದನ್ನು ಕಲಿಸುತ್ತಿದ್ದರಂತೆ. ಹಗುರ ಕಟ್ಟಿಗೆಯ ಗ್ಲೈಡರ್, ಪ್ಲಾಸ್ಟಿಕ್ಕಿನ ಜೆಟ್. ಅಜ್ಜ ಮಾಡಿದ್ದೊಂದನ್ನು ಹೆಡ್‌ಮಾಸ್ತರರ ಕೋಣೆಯಲ್ಲಿ ತೂಗುಹಾಕಿದ್ದರಂತೆ. ಹದಿನೆಂಟಕ್ಕೆ ಗೋವಾಕ್ಕೆ ಬಂದ. ಮೊದಲು ಟ್ರಕ್ಕು, ಆಮೇಲೆ ಪಿಕಪ್ಪು. ಹೀಗೆ ಸ್ಟೇರಿಂಗ್ ಹಿಡಿದ ಕೈ ಐವತ್ತು ವರ್ಷ ಮಾಡೆಲ್ ಮುಟ್ಟಿರಲಿಲ್ಲ.

ಈಗ ಮುಟ್ಟಿತು. ಮುಟ್ಟಿದ್ದು ಬಿಡಲೇ ಇಲ್ಲ.

ಸಮ್ರೀನ ಅಂದುಕೊಂಡದ್ದೇ ಬೇರೆ. ಡಬ್ಬಿ ಬಿಚ್ಚುವುದು, ಅಂಟಿಸುವುದು, ಒಂದು ಸಂಜೆಯಲ್ಲಿ ಮುಗಿಸುವುದು. ಆ ನಂಬಿಕೆಯಿಂದಲೇ ಗುರುವಾರ ಕ್ಲಾಸಿನಲ್ಲಿ ಎದ್ದು ನಿಂತು ಹೇಳಿಬಿಟ್ಟಿದ್ದಳು. ಆರನೆಯ ಕ್ಲಾಸಿಗೆ ಟೀಚರ್ ಕೊಟ್ಟಿದ್ದ ವಿಷಯ ಸಾರಿಗೆ. ಯಾರೋ ರಟ್ಟಿನ ಬಸ್ಸು ಅಂದರು, ಯಾರೋ ಬೆಂಕಿಪೆಟ್ಟಿಗೆಯ ರೈಲು ಅಂದರು. ಸಮ್ರೀನ ಮಾತ್ರ ಖರೇ ಹೆಲಿಕಾಪ್ಟರಿನ ಹಾಗೇ ಕಾಣುವ ಹೆಲಿಕಾಪ್ಟರ್ ತರುತ್ತೇನೆ ಅಂದಳು. ಪಕ್ಕದಲ್ಲಿ ಕೂತಿದ್ದ ಪೂಜಾ, ಅದರ ಪಂಖಾ ತಿರುಗುತ್ತದೆಯೇ ಎಂದು ಕೇಳಿದಳು. ತಿರುಗುತ್ತದೆ ಅಂದಳು ಸಮ್ರೀನ. ಟೀಚರ್ ಹೆಸರು ಬರೆದುಕೊಂಡರು.

ಆದರೆ ಅಜ್ಜ ಅಂಟಿಸಲು ಬಿಟ್ಟರೆ ತಾನೇ?

ಬುಧವಾರ ಅಜ್ಜ ಎಲ್ಲವನ್ನೂ ಸಾಬೂನು ನೀರಿನಲ್ಲಿ ತೊಳೆದ. ಹೊಸ ಪ್ಲಾಸ್ಟಿಕ್ ಯಾಕೆ ತೊಳೆಯಬೇಕು ಎಂದರೆ, ಫ್ಯಾಕ್ಟರಿಯ ಎಣ್ಣೆ ಇರುತ್ತದೆ, ಅಂಟು ಹಿಡಿಯುವುದಿಲ್ಲ ಅಂದ. ತೊಳೆದದ್ದನ್ನು ಚಾದರದ ಮೇಲೆ ಒಣಗಲು ಹಾಕಿದ. ಗಾಳಿಗೆ ಧೂಳು ಬಂದು ಕೂರುತ್ತದೆ ಎಂದು ಫ್ಯಾನ್ ಬಂದ್ ಮಾಡಿಸಿದ. ಸೆಖೆಗೆ ಎಲ್ಲರ ಬೆನ್ನಿನಿಂದ ನೀರಿಳಿಯಿತು. ಅಮ್ಮಿ ಒಲೆಯ ಮುಂದೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಈ ಹೆಲಿಕಾಪ್ಟರ್ ಹಾರುವುದರೊಳಗೆ ನಾವೇ ಬೆಂದು ಹೋಗುತ್ತೇವೆ ಎಂದು ಗೊಣಗಿದಳು.

ಗುರುವಾರ ನೇಲ್ ಕಟರಿನಿಂದ ಒಂದೊಂದೇ ತುಂಡನ್ನು ಅದು ಅಂಟಿಕೊಂಡಿದ್ದ ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಸಿದ. ಪ್ರತಿಯೊಂದರ ಅಂಚನ್ನೂ ಉಜ್ಜಿದ. ಆಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪು, ರಬ್ಬರ್ ಬ್ಯಾಂಡು ಹಾಕಿ ಎರಡು ಅರ್ಧಗಳನ್ನು ಜೋಡಿಸಿದ. ಹೆಲಿಕಾಪ್ಟರಿನ ಹೊಟ್ಟೆ, ಬಾಲ ಎಲ್ಲ ಕಾಣಿಸಿ ಸಮ್ರೀನ ಚಪ್ಪಾಳೆ ಹೊಡೆದಳು. ಅಜ್ಜ ಸಮಾಧಾನದಿಂದ ತಲೆ ಆಡಿಸಿ, ಕ್ಲಿಪ್ಪು ತೆಗೆದು, ಎಲ್ಲವನ್ನೂ ಮತ್ತೆ ಬಿಡಿಬಿಡಿ ಮಾಡಿದ. ಅಂಟಿಲ್ಲದೆ ಒಮ್ಮೆ ಕೂಡಿಸಿ ನೋಡಬೇಕು, ಅದೇ ಪದ್ಧತಿ ಎಂದ. ಸಮ್ರೀನಳಿಗೆ ಅಳು ಬರುವುದೊಂದು ಬಾಕಿ.

ಡಬ್ಬಿಯಲ್ಲಿ ಚಿತ್ರಗಳಿದ್ದ ಹಾಳೆಯೊಂದಿತ್ತು. ಯಾವುದರ ಆಮೇಲೆ ಯಾವುದು ಎಂದು ಅದರಲ್ಲಿ ತೋರಿಸಿದ್ದರು. ಅಜ್ಜ ಅದನ್ನು ಒಂದು ಸಲವೂ ನೋಡಲಿಲ್ಲ. ನನಗೆ ಬೇಕಾಗಿಲ್ಲ, ನೀನೇ ಓದು ಅಂದ. ಅವಳು ಐದನೆಯದು ಹೀಗಿದೆ ಎಂದು ಓದಿದರೆ, ಅದಕ್ಕೂ ಮೊದಲು ಒಂಬತ್ತನೆಯದು ಮಾಡೋಣ ಅನ್ನುತ್ತಿದ್ದ.

ಈಗ ಶುಕ್ರವಾರ ಒಂದು ಚಕ್ರ ಕಳೆದಿತ್ತು.

ಚಾದರ ಕೊಡವಿದರು. ಚಾಪೆ ಎತ್ತಿದರು. ಅಮ್ಮಿ ಮಾಡುತ್ತಿದ್ದ ಕೆಲಸ ಬಿಟ್ಟು ಇಡೀ ಮನೆ ಗುಡಿಸಿ, ಕಸವನ್ನು ಜರಡಿ ಹಿಡಿದಳು. ಸಮ್ರೀನ ಹೊಟ್ಟೆಯ ಮೇಲೆ ಮಲಗಿ ಕಪಾಟಿನ ಕೆಳಗೆ ಟಾರ್ಚ್ ಬಿಟ್ಟಳು. ಒಂದು ತಾಸು ಹುಡುಕಿದ ಮೇಲೆ ಚಕ್ರ ಸಿಕ್ಕಿತು. ಅಜ್ಜನ ಬೆವರಿದ ಮೊಣಕೈಗೇ ಅಂಟಿಕೊಂಡಿತ್ತು.

ಅಮ್ಮಿ ಕಸಬರಿಗೆ ಕೈಯಲ್ಲಿ ಹಿಡಿದು ಮಾವನನ್ನು ನೋಡಿದಳು. ಕಸಬರಿಗೆಯನ್ನು ಮೂಲೆಗೆ ಒಗೆದಳು.

ಚಕ್ರ ಸಿಕ್ಕ ಖುಷಿಯಲ್ಲಿ ಅಜ್ಜ ಡಬ್ಬಿಯ ಅಂಟಿನ ಟ್ಯೂಬ್ ತೆಗೆದ. ಮುಚ್ಚಳ ತಿರುವಿ ಒತ್ತಿದ. ಏನೂ ಬರಲಿಲ್ಲ. ಸಮ್ರೀನ ಒತ್ತಿದಳು. ಅದು ಕಲ್ಲಾಗಿತ್ತು. ಡಬ್ಬಿ ಕಪಾಟಿನ ಮೇಲಿದ್ದಷ್ಟು ವರ್ಷವೂ ಅಂಟು ಒಳಗೇ ಒಣಗುತ್ತ ಕೂತಿತ್ತು.

ಮೂರು ದಿನವಾಯಿತು. ಅಂಟಿಸಿದ್ದು ಒಂದೂ ಇಲ್ಲ.

ಶನಿವಾರ ಸಮ್ರೀನ ಶಾಲೆಯಿಂದ ಬರುವ ಹೊತ್ತಿಗೆ ಅಜ್ಜ ಚಪ್ಪಲಿ ಮೆಟ್ಟಿ ನಿಂತಿದ್ದ. ಫಾತೋರ್ಡಾದಲ್ಲಿ ಪ್ಲಾಸ್ಟಿಕ್ ಬೋರ್ಡು ಮಾಡುವ ಅಂಗಡಿಯೊಂದಿದೆ, ಪ್ಲಾಸ್ಟಿಕ್ಕನ್ನು ಒಂದಕ್ಕೊಂದು ಬೆಸೆಯುವ ನೀರಿನಂಥ ಔಷಧ ಅವರ ಹತ್ತಿರ ಇರುತ್ತದೆ, ತರುತ್ತೇನೆ ಅಂದ. ಹೋಗುವಾಗ ಬಾಗಿಲಲ್ಲಿ ನಿಂತು ಹಿಂತಿರುಗಿದ.

"ನಾ ಬರೂತನಕ ಏನೂ ಅಂಟಸಬ್ಯಾಡ. ಕೈ ತುರಿಸಿದ್ರ ಅಂಚು ಉಜ್ಕೋತ ಕೂಡು."

ಸಮ್ರೀನ ಅಂಚು ಉಜ್ಜುತ್ತ ಕೂತಳು. ಹತ್ತು ನಿಮಿಷ ಉಜ್ಜಿದಳು. ಇಪ್ಪತ್ತು ನಿಮಿಷ ಉಜ್ಜಿದಳು. ಅಮ್ಮಿ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಅಮ್ಮಿಯ ಹೊಲಿಗೆ ಡಬ್ಬಿಯಲ್ಲಿ ಒಂದು ಪುಟ್ಟ ಟ್ಯೂಬ್ ಇರುವುದು ಸಮ್ರೀನಳಿಗೆ ಗೊತ್ತಿತ್ತು. ಚಪ್ಪಲಿಯ ಪಟ್ಟಿ ಕಿತ್ತಾಗ ಹಚ್ಚುವ ಅಂಟು. ಒಂದು ಹನಿ ಹಾಕಿದರೆ ಹತ್ತು ಎಣಿಸುವುದರೊಳಗೆ ಗಟ್ಟಿ. ಅಜ್ಜ ಬಸ್ಸು ಹಿಡಿದು ಫಾತೋರ್ಡಾಕ್ಕೆ ಹೋಗಿ ತರುವಂಥದ್ದು ಏನಿದೆ?

ಮೊದಲು ಕುರ್ಚಿಗಳನ್ನು ಒಳಗೆ ಕೂಡಿಸಿ ಎರಡು ಅರ್ಧಗಳನ್ನು ಅಂಟಿಸಿದಳು. ಗಟ್ಟಿಯಾಗಿ ಕೂತವು. ಆಮೇಲೆ ಮುಂದಿನ ಗಾಜು. ಅದು ಗಾಜಲ್ಲ, ನೀರಿನ ಹಾಗೆ ತಿಳಿಯಾದ ಪ್ಲಾಸ್ಟಿಕ್. ಪೈಲಟ್ ಅದರಿಂದಲೇ ಹೊರಗೆ ನೋಡುವುದು. ಉಸಿರು ಬಿಗಿಹಿಡಿದು ಸುತ್ತಲೂ ಅಂಟು ಹಚ್ಚಿ, ಮೂತಿಯ ಮೇಲಿಟ್ಟು ಒತ್ತಿದಳು. ಒಳಗಿನ ಎರಡು ಪುಟ್ಟ ಕುರ್ಚಿಗಳು ಕೂಡ ಸ್ಪಷ್ಟ ಕಾಣುತ್ತಿದ್ದವು. ಇಷ್ಟು ಚಂದದ್ದನ್ನು ಅವಳು ಯಾವತ್ತೂ ಮಾಡಿರಲಿಲ್ಲ. ಒಣಗಲಿ ಎಂದು ಕಿಟಕಿಯಲ್ಲಿಟ್ಟು ಊಟಕ್ಕೆ ಕೂತಳು.

ಊಟ ಮುಗಿಸಿ ಬಂದು ನೋಡಿದರೆ ಗಾಜು ಬೆಳ್ಳಗಾಗಿತ್ತು.

ಮೊದಲು ಅದು ಧೂಳು ಅಂದುಕೊಂಡಳು. ದುಪ್ಪಟ್ಟಾದಿಂದ ಒರೆಸಿದಳು, ಹೋಗಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದಳು, ಹೋಗಲಿಲ್ಲ. ಕನ್ನಡಿಯ ಮೇಲೆ ಉಸಿರು ಬಿಟ್ಟಾಗ ಮಸುಕಾಗುತ್ತದಲ್ಲ, ಹಾಗೆ ಇಡೀ ಗಾಜು ಮಸುಕಾಗಿತ್ತು. ಕುರ್ಚಿಗಳು ಕಾಣುತ್ತಿರಲಿಲ್ಲ. ಅಂಟಿನ ಆವಿ ಬಡಿದು ಹೀಗಾಗುತ್ತದೆ ಎಂದು ಅವಳಿಗೇನು ಗೊತ್ತು?

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಜ್ಜನ ಚಪ್ಪಲಿಯ ಸಪ್ಪಳ. ಸಮ್ರೀನ ಟ್ಯೂಬನ್ನು ಹೊಲಿಗೆ ಡಬ್ಬಿಗೆ ಹಾಕಿ ಮುಚ್ಚಿದಳು.

ಅಜ್ಜ ಬೆವರಿನಲ್ಲಿ ತೊಯ್ದಿದ್ದ. ಆದರೂ ಮುಖ ಅರಳಿತ್ತು. ಜೇಬಿನಿಂದ ಪುಟ್ಟ ಔಷಧದ ಬಾಟಲಿ ತೆಗೆದು, ಅಂಗಡಿಯವನು ಮೊದಲು ಇಲ್ಲ ಅಂದದ್ದನ್ನು, ಈ ವಯಸ್ಸಿನಲ್ಲಿ ಹೆಲಿಕಾಪ್ಟರ್ ಮಾಡುತ್ತೇನೆ ಎಂದದ್ದಕ್ಕೆ ನಕ್ಕು ಅರ್ಧ ಬಾಟಲಿ ಹಾಗೇ ಕೊಟ್ಟದ್ದನ್ನು ಹೇಳುತ್ತ ಕೂತ. ಹೇಳುತ್ತಲೇ ಹೆಲಿಕಾಪ್ಟರನ್ನು ಕೈಗೆತ್ತಿಕೊಂಡ. ಬಾಗಿಲ ಬೆಳಕಿಗೆ ಹಿಡಿದ. ಮಾತು ನಿಂತಿತು.

ಈಗ ಬೈಯುತ್ತಾನೆ ಎಂದು ಸಮ್ರೀನ ಕಣ್ಣು ಕೆಳಗೆ ಹಾಕಿದಳು.

ಅಜ್ಜ ಬೈಯಲಿಲ್ಲ, ಯಾಕೆ ಅಂಟಿಸಿದೆ ಎಂದೂ ಕೇಳಲಿಲ್ಲ. ಚಷ್ಮಾ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡ. ಹಾಕಿಕೊಂಡು ನೋಡಿದ. ಮತ್ತೆ ತೆಗೆದು ಒರೆಸಿದ. ಎದ್ದು ಹೋಗಿ ಕಣ್ಣಿಗೆ ನೀರು ಹಾಕಿಕೊಂಡು ಬಂದ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ಹೆಲಿಕಾಪ್ಟರನ್ನು ಬಹಳ ಮೆಲ್ಲಗೆ ಚಾದರದ ಮೇಲಿಟ್ಟ.

"ಸಮ್ಮು, ಉಳಿದದ್ದು ನೀನ ಮಾಡವ್ವಾ," ಅಂದ.

ಬಾಟಲಿಯನ್ನು ಅವಳ ಕಡೆ ಸರಿಸಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ಸಮ್ರೀನ ಬುಧವಾರದಿಂದ ಬೇಡಿದ್ದು ಇದನ್ನೇ. ಅಜ್ಜ ಎದ್ದು ಹೋಗಲಿ, ನನ್ನ ಪಾಡಿಗೆ ನಾನು ಮಾಡಿಕೊಳ್ಳುತ್ತೇನೆ. ಈಗ ಅಜ್ಜ ಎದ್ದು ಹೋಗಿದ್ದ. ಅವಳು ಬಾಟಲಿ ಬಿಚ್ಚಿ, ಕಡ್ಡಿಯ ತುದಿಯಿಂದ ಹಚ್ಚಿ, ಬಾಲದ ಚಿಕ್ಕ ಪಂಖಾ ಕೂಡಿಸಿದಳು. ಓರೆಯಾಯಿತೇನೋ ಅನ್ನಿಸಿತು. ಓರೆಯಾಯಿತು ಎಂದು ಹೇಳುವವರು ಯಾರೂ ಇರಲಿಲ್ಲ.

ಅಮ್ಮಿ ಒಗೆದ ಬಟ್ಟೆಯ ಬಕೆಟ್ ಹೊತ್ತು ಮೆಟ್ಟಿಲು ಹತ್ತಿ ಬಂದಳು. ಅಜ್ಜ ಅವಳನ್ನು ತಡೆದು, ದನಿ ತಗ್ಗಿಸಿ ಕೇಳಿದ. ಆದರೂ ಒಳಗಿದ್ದ ಸಮ್ರೀನಳಿಗೆ ಕೇಳಿಸಿತು.

"ಬಾನು, ಆ ಹೆಲಿಕಾಪ್ಟರಿನ ಗಾಜು ನಿನಗ ಸ್ವಚ್ಛ ಕಾಣತೈತೇನು?"

ಅಮ್ಮಿಯ ತಲೆಯಲ್ಲಿ ಬಟ್ಟೆ ಇತ್ತು, ಸಂಜೆಯ ಅಡುಗೆ ಇತ್ತು. ಅವಳು ಒಳಗೆ ಇಣುಕಿ ಕೂಡ ನೋಡಲಿಲ್ಲ. "ಹೌದ್ರಿ ಮಾವಾರ, ಸ್ವಚ್ಛ ಐತ್ರಿ," ಅಂದು ಬಟ್ಟೆ ಒಣಹಾಕಲು ಹೋದಳು.

ಅಜ್ಜ ಹೂಂ ಅಂದ. ಅಷ್ಟೇ.

ಸಮ್ರೀನ ಅಂಟಿನ ಕಡ್ಡಿಯನ್ನು ಕೆಳಗಿಟ್ಟಳು. ಅಮ್ಮಿಯ ಮೇಲೆ ಸಿಟ್ಟು ಬಂತು. ನೋಡದೆ ಯಾಕೆ ಹೇಳಬೇಕಿತ್ತು? ಆದರೆ ನೋಡಿಯೂ ಹೇಳದವಳು ಇಲ್ಲೇ ಕೂತಿದ್ದಳು. ಅವಳು ಹೆಲಿಕಾಪ್ಟರ್ ಎತ್ತಿಕೊಂಡು ಹೊರಗೆ ಹೋದಳು. ಅಜ್ಜನ ಪಕ್ಕ ಕೂರಲು ಧೈರ್ಯ ಸಾಲದೆ ಒಂದು ಮೆಟ್ಟಿಲು ಕೆಳಗೆ ಕೂತಳು.

"ಅಜ್ಜಾ, ಗಾಜು ಖರೇನ ಬೆಳ್ಳಗಾಗೈತಿ. ನಿನ್ನ ಕಣ್ಣಿನದಲ್ಲ. ನಾನ ಚಪ್ಪಲಿ ಅಂಟು ಹಚ್ಚೀನಿ."

ಅಜ್ಜ ಗಕ್ಕನೆ ಅವಳ ಕಡೆ ಬಗ್ಗಿದ. "ಖರೇ?" ಅಂದ.

"ಖರೇ."

ಆಮೇಲೆ ಬಂತು ಬೈಗುಳ. ಅಂಟಸಬ್ಯಾಡ ಅಂದರೆ ಅಂಟಿಸುವುದು, ಅದೂ ಚಪ್ಪಲಿಯ ಅಂಟು, ಅದೂ ಗಾಜಿಗೆ. ಬೆಳಗಾವಿಯಲ್ಲಾಗಿದ್ದರೆ ಗ್ರೌಂಡಿನ ಸುತ್ತ ಹತ್ತು ಸುತ್ತು ಓಡಿಸುತ್ತಿದ್ದರು. ಐವತ್ತು ವರ್ಷದ ಮೇಲೆ ಕೈಗೆ ಸಿಕ್ಕ ಕೆಲಸವನ್ನು ಊಟ ಮಾಡಿ ಕೈ ತೊಳೆಯುವುದರೊಳಗೆ ಕೆಡಿಸಿದವಳು. ಪಕ್ಕದ ಮನೆಯ ಜಮುನಾಬಾಯಿ ಬಾಗಿಲಿಗೆ ಬಂದು, ಇಷ್ಟು ವರ್ಷದಲ್ಲಿ ಈ ಮುದುಕನ ದನಿ ಇಷ್ಟು ಜೋರು ಕೇಳಿರಲಿಲ್ಲ ಎಂಬಂತೆ ನೋಡಿ ಒಳಗೆ ಹೋದಳು.

ಸಮ್ರೀನ ತಲೆ ತಗ್ಗಿಸಿ ಕೇಳಿದಳು. ಬೈಸಿಕೊಳ್ಳುತ್ತ ಅವಳಿಗೆ ಒಂದು ಥರ ಹಗುರವಾಗುತ್ತಿತ್ತು.

ಬೈದು ಮುಗಿದ ಮೇಲೆ ಅಜ್ಜ ಕೈ ಚಾಚಿದ. "ಎಷ್ಟು ಬೆಳ್ಳಗಾಗೈತಿ? ಹಾಲಿನಂಗೋ, ನೀರು ಮಜ್ಜಿಗಿಯಂಗೋ?"

ಸಮ್ರೀನ ನೋಡಿ, ನೀರು ಮಜ್ಜಿಗೆಯ ಹಾಗೆ ಅಂದಳು.

"ಹಂಗಾರ ಬದುಕತೈತಿ. ಹಲ್ಲುಜ್ಜೂ ಪೇಸ್ಟ್ ತಾ."

ಅವಳಿಗೆ ತಲೆ ಚಿಟ್ಟು ಹಿಡಿಯಿತು. ಮೊದಲು ಸಾಬೂನು, ಈಗ ಪೇಸ್ಟ್. ಆದರೆ ಈ ಸಲ ಮಾತಾಡದೆ ತಂದುಕೊಟ್ಟಳು. ಅಜ್ಜ ಪುಟ್ಟ ಬ್ಲೇಡಿನ ತುದಿಯನ್ನು ಗಾಜಿನ ಅಂಚಿಗೆ ತೂರಿಸಿ ಒಮ್ಮೆ ಮೀಟಿದ. ಟಕ್ ಎಂದು ಗಾಜು ಕಳಚಿ ಬಂತು. ಬೆರಳಿಗೆ ಒಂದು ಕಾಳಿನಷ್ಟು ಪೇಸ್ಟ್ ಹಚ್ಚಿಕೊಂಡು ಒಳಗೂ ಹೊರಗೂ ಸುತ್ತ ಸುತ್ತ ಉಜ್ಜತೊಡಗಿದ. ಉಜ್ಜುವಾಗ ಅವನು ಗಾಜನ್ನು ನೋಡುತ್ತಲೇ ಇರಲಿಲ್ಲ, ಎದುರಿನ ತಗಡಿನ ಮಾಡುಗಳ ಕಡೆ ನೋಡುತ್ತಿದ್ದ. ಅರ್ಧ ತಾಸಿನ ಮೇಲೆ ಸಮ್ರೀನ ಉಜ್ಜಿದಳು. ಆಮೇಲೆ ಮತ್ತೆ ಅಜ್ಜ. ಭಾನುವಾರ ಬೆಳಿಗ್ಗೆ ಮತ್ತೆ ಇಬ್ಬರೂ.

ಗಾಜು ತಿಳಿಯಾಯಿತು. ಪೂರ್ತಿ ಅಲ್ಲ. ಕೆಳಗಿನ ಒಂದು ಮೂಲೆಯಲ್ಲಿ ಹೊಗೆಯಂಥ ಕಲೆ ಉಳಿಯಿತು. ಕುರ್ಚಿಗಳು ಕಂಡವು.

ಭಾನುವಾರವೂ ಸುಲಭವಾಗಿ ಮುಗಿಯಲಿಲ್ಲ. ನೆನೆಸಿ ಹಚ್ಚುವ ಹಳೆಯ ಸ್ಟಿಕ್ಕರುಗಳನ್ನು ನೀರಿಗೆ ಹಾಕಿದರೆ ಚೂರುಚೂರಾದವು, ಎರಡು ಮಾತ್ರ ಉಳಿದವು. ದೊಡ್ಡ ಪಂಖಾ ತಿರುಗಬೇಕಾದರೆ ನಡುವಿನ ಕಡ್ಡಿಗೆ ಅಂಟು ತಾಗಬಾರದು, ಅದರ ತುದಿಯ ಮುಚ್ಚಳಕ್ಕಷ್ಟೇ ಒಂದು ಹನಿ ಹಾಕಬೇಕು. ಆ ಒಂದು ಹನಿಗೋಸ್ಕರ ಅಜ್ಜ ಮೊಮ್ಮಗಳು ಎರಡು ಸಲ ಜಗಳಾಡಿದರು. ಕೊನೆಗೆ ಹನಿ ಹಾಕಿದ್ದು ಸಮ್ರೀನ. ಕಡ್ಡಿಯನ್ನು ಅಲುಗದ ಹಾಗೆ ಹಿಡಿದದ್ದು ಅಜ್ಜ. ಸಂಜೆ ಅಮ್ಮಿ ಉಫ್ ಎಂದು ಊದಿದಳು. ಪಂಖಾ ತಿರುಗಿತು.

ಸೋಮವಾರ ಮಧ್ಯಾಹ್ನ ಮನೆಯವರಿಗೆಲ್ಲ ಎಕ್ಸಿಬಿಷನ್ ನೋಡಲು ಬಿಟ್ಟರು. ಅಜ್ಜ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಪೂಜಾ ಆಗಲೇ ಹತ್ತು ಸಲ ಊದಿ ಪಂಖಾ ತಿರುಗಿಸಿದ್ದಳು. ಯಾರು ಮಾಡಿದ್ದು ಎಂದು ಟೀಚರ್ ಕೇಳಿದಾಗ ಸಮ್ರೀನ, ನಾನು ಮತ್ತು ಅಜ್ಜ ಅಂದಳು. ಟೀಚರ್ ಅಜ್ಜನಿಗೆ ನಮಸ್ಕಾರ ಮಾಡಿದರು. ಅಲ್ಲಿಗೆ ಎಲ್ಲ ಚೆನ್ನಾಗಿಯೇ ಇತ್ತು.

ಆಮೇಲೆ ಅಜ್ಜ ಬೇರೆ ಟೇಬಲ್ಲುಗಳ ಕಡೆ ಹೊರಟ.

ಎರಡನೆಯ ಟೇಬಲ್ಲಿನಲ್ಲಿ ರಾಹುಲನ ರಟ್ಟಿನ ಸೇತುವೆ ಇತ್ತು. ಅಜ್ಜ ಅದರ ಕಂಬಗಳ ಮೇಲೆ ಒಂದೊಂದಾಗಿ ಬೆರಳು ಆಡಿಸಿ, ಮೂರನೆಯ ಕಂಬ ಗಿಡ್ಡ ಐತಲ್ಲೋ ಅಂದ. ರಾಹುಲ ಮುಖ ಸಿಂಡರಿಸಿಕೊಂಡು ಸ್ಕೇಲ್ ಹಿಡಿದು ಅಳೆದ. ಗಿಡ್ಡವೇ ಇತ್ತು. ಸಮ್ರೀನಳಿಗೆ ನಾಚಿಕೆಯಾಗಿ, ಅಜ್ಜನ ಅಂಗಿ ಜಗ್ಗಿದಳು. ಕೇಳುವವರು ಯಾರು? ಮುಂದಿನ ಟೇಬಲ್ಲಿಗೆ ಹೋಗಿ, ಅಲ್ಲಿದ್ದ ಬಲ್ಬು ಹತ್ತುವ ಟ್ರಾಫಿಕ್ ಸಿಗ್ನಲ್ಲಿಗೂ ಕೈ ಹಾಕಿದ.

"ಅಂಕಲ್, ಬೋರ್ಡ್ ದೇಖೋ ನಾ," ಎಂದು ಅಲ್ಲಿದ್ದ ಹುಡುಗಿ ರೇಗಿ ಬೋರ್ಡು ತೋರಿಸಿದಳು.

ಮುಟ್ಟಬೇಡಿ ಎಂದು ಕೆಂಪು ಅಕ್ಷರದಲ್ಲಿ ಬರೆದಿತ್ತು. ಒಂದೊಂದು ಅಕ್ಷರವೂ ಅಂಗೈಯಷ್ಟು ದೊಡ್ಡದು. ಅಜ್ಜ ಬಗ್ಗಿದ. ಮೂಗು ಬೋರ್ಡಿಗೆ ತಾಗುವಷ್ಟು ಬಗ್ಗಿದ. ಸ್ವಲ್ಪ ಹೊತ್ತು ಹಾಗೇ ಇದ್ದು ನೆಟ್ಟಗೆ ನಿಂತು, "ಹಾಂ, ಹಾಂ, ಚಲೋ ಬರದೀರಿ," ಎಂದು ನಕ್ಕ.

ಅಂಗಿ ಜಗ್ಗುತ್ತಿದ್ದ ಸಮ್ರೀನಳ ಕೈ ನಿಂತಿತು.

ಶನಿವಾರ ಗಾಜು ಬೆಳ್ಳಗಾದದ್ದು ಅವಳಿಂದಲೇ. ಅದನ್ನು ಅವಳು ಹೇಳಿಯೂ ಆಗಿತ್ತು. ಆದರೆ ಗಾಜಿಗೆ ಏನಾಯಿತು ಎಂದು ಅಜ್ಜ ಕೇಳಲೇ ಇಲ್ಲವಲ್ಲ. ನೋಡಿದ ಕೂಡಲೇ ಚಷ್ಮಾ ಒರೆಸಿದ. ನೋಡಿದ ಕೂಡಲೇ ತನ್ನ ಕಣ್ಣಿನದೇ ಎಂದು ನಂಬಿದ. ಅಷ್ಟು ಬೇಗ ಯಾರಾದರೂ ನಂಬುತ್ತಾರೆಯೇ, ಕಣ್ಣು ಮಂಜಾಗುತ್ತಿದೆ ಎಂದು ಮೊದಲೇ ಗೊತ್ತಿಲ್ಲದಿದ್ದರೆ?

ಅವಳು ಅದನ್ನು ಕೇಳಲಿಲ್ಲ. ಇಷ್ಟು ಜನರ ನಡುವೆ ಕೇಳುವ ಮಾತಲ್ಲ ಅನ್ನಿಸಿತು. ಸಂಜೆ ಅಬ್ಬಾ ಬಂದ ಮೇಲೆ, ಅಜ್ಜ ನಮಾಜಿಗೆ ಹೋದಾಗ, ಅಬ್ಬಾನಿಗೆ ಹೇಳಬೇಕು.

ಅಂಗಿ ಬಿಟ್ಟು ಅಜ್ಜನ ಕೈ ಹಿಡಿದುಕೊಂಡಳು. ಮುಂದಿನ ಟೇಬಲ್ಲಿನ ಮುಂದೆ ನಿಂತು, ಅಲ್ಲಿದ್ದ ಬೋರ್ಡನ್ನು ತನಗೆ ತಾನೇ ಓದಿಕೊಳ್ಳುವವಳ ಹಾಗೆ ಜೋರಾಗಿ ಓದಿದಳು. ನದಿ ದಾಟಿಸುವ ಫೆರ್ರಿ ಬೋಟು, ಮಾಡಿದವರು ಐದನೆಯ ಕ್ಲಾಸಿನ ಮೂವರು, ಹಡಗು ಕಾಗದದ್ದು, ಮುಟ್ಟಬೇಡಿ.

"ಯಾಕ ಒದರಾಕತ್ತಿ? ನನಗೇನು ಕಿವಿ ಕೇಳಂಗಿಲ್ಲೇನು?" ಅಂದ ಅಜ್ಜ.

"ನಂಗ ಓದಾಕ ಬರತೈತೋ ಇಲ್ಲೋ ನೋಡಾಕತ್ತೀನಿ."

ಅಜ್ಜ ಅವಳ ಕಡೆ ತಿರುಗಿದ. ಅವಳ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

ಮುಂದಿನ ಟೇಬಲ್ಲಿಗೆ ಬಂದಾಗ ಅಜ್ಜ ಯಾವುದಕ್ಕೂ ಕೈ ಹಾಕಲಿಲ್ಲ. ಸಮ್ರೀನ ಓದಲಿ ಎಂದು ಕಾಯುತ್ತ ನಿಂತ.